ಬ್ರೆಡ್ಡು, ಜಾಮು ಮತ್ತು ಫೋನ್ ನಂಬರಿನ ಪಟ್ಟಿ

(ಚಿಕ್ಕಮಗಳೂರಿನಲ್ಲಿ ಮಹಿಳೆಯರ ಒಂದು ಓದು ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ)

1978 ಅಂದ ಕೂಡಲೇ ಈ ಊರಿನವರಿಗೆ ನೆನಪಾಗುವುದು ಒಂದೇ. ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು, ಇಂದಿರಾ ಗಾಂಧಿ ಬಂದು ಉಪಚುನಾವಣೆಗೆ ನಿಂತರು, ಎದುರಿಗೆ ವೀರೇಂದ್ರ ಪಾಟೀಲರು. ನಾನಾಗ ಹೈಸ್ಕೂಲು ಹುಡುಗಿ. ನಮ್ಮಮ್ಮ ಅಲ್ಲಿಯವರೆಗೆ ಒಂದೇ ಒಂದು ರಾಜಕೀಯ ಸಭೆಗೆ ಹೋದವರಲ್ಲ. ಅವತ್ತು ಮಾತ್ರ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, "ಇಂದಿರಮ್ಮ ಬರ್ತಾರಂತೆ, ನೋಡ್ಕೊಂಡು ಬರೋಣ ನಡಿ" ಅಂತ ನನ್ನನ್ನು ಎಳೆದುಕೊಂಡು ಹೊರಟರು. ರಸ್ತೆ ಬದಿಯಲ್ಲಿ ಎರಡು ಗಂಟೆ ನಿಂತೆವು. ಕಾರು ಹೋಯಿತು, ಒಂದು ಕೈ ಆಡಿತು, ಅಷ್ಟೇ. ಅಮ್ಮ ಆ ಎರಡು ಗಂಟೆಯ ಬಗ್ಗೆ ಮುಂದೆ ಇಪ್ಪತ್ತು ವರ್ಷ ಮಾತಾಡಿದರು.

ಅದೇ 1978ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋ ಊರಿನಲ್ಲಿ ಒಬ್ಬ ಪಾದ್ರಿಯ ಹೆಂಡತಿ ಮನೆಯಲ್ಲಿ ಕೂತು ಟಿ.ವಿ. ನೋಡುತ್ತಿದ್ದರು. ಪಾದ್ರಿಗೆ ಹೆಂಡತಿ ಎಲ್ಲಿಂದ ಅಂತ ಕೇಳಬೇಡಿ. ಕ್ಯಾಥೊಲಿಕ್ ಪಾದ್ರಿಗಳಿಗಿಲ್ಲ, ಪ್ರಾಟೆಸ್ಟೆಂಟ್ ಪಾಸ್ಟರುಗಳಿಗೆ ಉಂಟು. ಅವರ ಹೆಸರು ಬೆವರ್ಲಿ ಲಹೇ. ಟಿ.ವಿ.ಯಲ್ಲಿ ಬೆಟ್ಟಿ ಫ್ರೀಡನ್ ಅವರ ಸಂದರ್ಶನ ಬರುತ್ತಿತ್ತು. ಫ್ರೀಡನ್ ಅಂದರೆ ಆ ಕಾಲದ ಸ್ತ್ರೀವಾದಿ ಚಳವಳಿಯ ದೊಡ್ಡ ದನಿ, 1966ರಲ್ಲಿ ಅಲ್ಲಿಯ ರಾಷ್ಟ್ರೀಯ ಮಹಿಳಾ ಸಂಘಟನೆ ಕಟ್ಟಿದವರಲ್ಲಿ ಒಬ್ಬರು. ತಾವು ಅಮೆರಿಕದ ಹೆಂಗಸರ ಪರವಾಗಿ ಮಾತಾಡ್ತಿದ್ದೇನೆ ಅನ್ನೋ ಧಾಟಿ ಅವರದ್ದು. ಬೆವರ್ಲಿ ಎದ್ದು ನಿಂತರಂತೆ. ಇವರು ನನ್ನ ಪರವಾಗಿ ಮಾತಾಡ್ತಿಲ್ಲ ಅಂದರಂತೆ. ಮುಂದೆ ಊರಿನಲ್ಲಿ ಒಂದು ಸಭೆ ಕರೆದರು. ಸುಮಾರು 1,200 ಹೆಂಗಸರು ಬಂದರು. 1979ರಲ್ಲಿ 'ಕನ್ಸರ್ನ್ಡ್ ವಿಮೆನ್ ಫಾರ್ ಅಮೆರಿಕ' ಹುಟ್ಟಿತು. ಕಳಕಳಿಯ ಹೆಂಗಸರು ಅನ್ನಬಹುದು.

ಇವತ್ತು ನಾನು ಹೇಳಬೇಕಿರುವುದು ಸ್ತ್ರೀವಾದಕ್ಕೆ ಎದುರು ನಿಂತ ಈ ಸಂಘದ ಕತೆ. ಗರ್ಭಪಾತ, ಹೆಣ್ಣಿನ ದುಡಿಮೆ, ಶಾಲೆಯ ಪಾಠ, ಇವುಗಳಲ್ಲಿ ಯಾವುದರಲ್ಲೂ ನಾನು ಅವರ ಕಡೆಯವಳಲ್ಲ, ಅದನ್ನು ಮೊದಲೇ ಹೇಳಿಬಿಡ್ತೀನಿ. ಆದರೂ ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವಳಿಗೆ ಅವರ ಕೆಲಸದ ರೀತಿ ಬಿಡದೆ ಕಾಡುತ್ತದೆ. ಟಿ.ವಿ. ಮುಂದೆ ಕೂತು ಬೈಯೋದು ಎಲ್ಲರೂ ಮಾಡ್ತಾರೆ. ಬೈದ ಮೇಲೆ ಸಾವಿರ ಜನ ಸೇರಿದ್ದು ಹೇಗೆ? ಆ ಸಾವಿರ ಜನ ಮನೆಗೆ ಹೋಗಿ ಮರೆತುಬಿಡಲಿಲ್ಲ ಯಾಕೆ?

ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಲಿಂಗದ ಕಾರಣಕ್ಕೆ ಸರ್ಕಾರ ತಾರತಮ್ಯ ಮಾಡಬಾರದು ಅಂತ ಬರೆದಿದೆ. 1950ರಿಂದಲೇ ಇದೆ, ನಾವು ಅದನ್ನು ನೆನಪಿಸಿಕೊಳ್ಳುವುದೂ ಕಡಿಮೆ. ಅಮೆರಿಕದ ಸಂವಿಧಾನದಲ್ಲಿ ಹಾಗೊಂದು ಸಾಲು ಇಲ್ಲ. 1920ರಲ್ಲಿ ಮತದಾನದ ಹಕ್ಕು ಬಂತು. 1923ರಲ್ಲಿ ಆಲಿಸ್ ಪಾಲ್ ಎಂಬ ಹೋರಾಟಗಾರ್ತಿ ಸಮಾನ ಹಕ್ಕಿನ ತಿದ್ದುಪಡಿಯ ಕರಡು ಬರೆದರು. ಅದು ಕಾಂಗ್ರೆಸ್ಸಿನ, ಅಂದರೆ ಅಲ್ಲಿಯ ಪಾರ್ಲಿಮೆಂಟಿನ, ಎರಡೂ ಸದನ ದಾಟಿದ್ದು 1972ರ ಮಾರ್ಚಿನಲ್ಲಿ. ನಲವತ್ತೊಂಬತ್ತು ವರ್ಷ! ಆಮೇಲೆ 50 ರಾಜ್ಯಗಳಲ್ಲಿ 38 ಒಪ್ಪಬೇಕಿತ್ತು. ಒಂದು ವರ್ಷದಲ್ಲಿ 30 ರಾಜ್ಯ ಒಪ್ಪಿಬಿಟ್ಟವು. ಇನ್ನೇನು ಎಂಟು, ಆಗೇ ಹೋಯಿತು ಅಂತ ಎಲ್ಲರೂ ಅಂದುಕೊಂಡರು.

ಆಗಲಿಲ್ಲ. ಅಡ್ಡ ಬಂದವರು ಫಿಲಿಸ್ ಶ್ಲಾಫ್ಲಿ.

ಇಲಿನಾಯ್ ರಾಜ್ಯದ ಆಲ್ಟನ್ ಎಂಬ ಊರಿನವರು. ಆರು ಮಕ್ಕಳ ತಾಯಿ. ತಾನೊಬ್ಬ ಸಾದಾ ಗೃಹಿಣಿ ಅನ್ನುವುದು ಅವರ ಮಾಮೂಲಿ ಮಾತು. ಸಾದಾ ಅಂದರೆ ಎಷ್ಟು ಸಾದಾ ಕೇಳಿ. ಎರಡನೇ ಮಹಾಯುದ್ಧದಲ್ಲಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ಗುಂಡು ಹಾರಿಸಿ ಪರೀಕ್ಷೆ ಮಾಡುವ ಕೆಲಸ ಮಾಡಿ ಕಾಲೇಜು ಫೀಸು ಕಟ್ಟಿಕೊಂಡವರು. ರ‍್ಯಾಡ್‌ಕ್ಲಿಫ್‌ನಲ್ಲಿ ಎಂ.ಎ. ಎರಡು ಸಲ ಕಾಂಗ್ರೆಸ್ಸಿಗೆ ಸ್ಪರ್ಧಿಸಿ ಸೋತವರು. ಐವತ್ತು ದಾಟಿದ ಮೇಲೆ ಕಾನೂನು ಓದಿ 1978ರಲ್ಲಿ ಪದವಿ ಪಡೆದರು.

ಅವರ ಸೋಲುಗಳಲ್ಲಿ ಒಂದನ್ನು ಮಾತ್ರ ಗಮನಿಸಿ. 1967ರಲ್ಲಿ ರಿಪಬ್ಲಿಕನ್ ಪಕ್ಷದ ಮಹಿಳಾ ಒಕ್ಕೂಟದ ಅಧ್ಯಕ್ಷೆಯ ಸ್ಥಾನಕ್ಕೆ ನಿಂತು ಸೋತರು. ನಾವಾದರೆ ಏನು ಮಾಡ್ತೀವಿ? ಸೋಲಿಸಿದವರ ಹೆಸರು ನೆನಪಿಟ್ಟುಕೊಳ್ತೀವಿ. ಅವರು ತಮ್ಮ ಬೆನ್ನಿಗೆ ನಿಂತವರ ವಿಳಾಸ ಇಟ್ಟುಕೊಂಡರು. ಆ ಹೆಂಗಸರಿಗೆ ತಿಂಗಳಿಗೊಂದು ಪತ್ರಿಕೆ ಅಂಚೆಯಲ್ಲಿ ಕಳಿಸತೊಡಗಿದರು. ಐದು ವರ್ಷ ಬಿಟ್ಟು, 1972ರ ಫೆಬ್ರುವರಿಯಲ್ಲಿ, ಅದೇ ಪತ್ರಿಕೆಯಲ್ಲಿ ಸಮಾನ ಹಕ್ಕಿನ ತಿದ್ದುಪಡಿಯ ವಿರುದ್ಧ ಬರೆದರು. ಓದುವವರು ಆಗಲೇ ತಯಾರಿದ್ದರು. ಆ ವರ್ಷವೇ 'ಸ್ಟಾಪ್ ಇ.ಆರ್.ಎ.' ಚಳವಳಿ ಶುರುವಾಯಿತು (ಇ.ಆರ್.ಎ. ಅಂದರೆ ಇಂಗ್ಲಿಷಿನಲ್ಲಿ ಆ ತಿದ್ದುಪಡಿಯ ಚಿಕ್ಕ ಹೆಸರು), 1975ರಲ್ಲಿ 'ಈಗಲ್ ಫೋರಂ' ಎಂಬ ಅವರ ಸಂಘ.

ಅವರ ವಾದ ಏನು? ಈಗಿರುವ ಕಾನೂನಿನಲ್ಲಿ ಹೆಂಡತಿಯನ್ನು ಸಾಕುವುದು ಗಂಡನ ಹೊಣೆ. ಸಮಾನತೆ ಬಂದರೆ ಆ ಹೊಣೆ ಹೋಗುತ್ತದೆ. ವಿಯೆಟ್ನಾಂ ಯುದ್ಧದ ಕಾಲ, ಗಂಡುಮಕ್ಕಳನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುತ್ತಿದ್ದರು. ನಾಳೆ ನಿಮ್ಮ ಮಗಳನ್ನೂ ಕರೆದುಕೊಂಡು ಹೋಗ್ತಾರೆ ಅಂದರು. ಗಂಡಸರಿಗೂ ಹೆಂಗಸರಿಗೂ ಒಂದೇ ಕಕ್ಕಸು ಆಗುತ್ತೆ ಅಂತಲೂ ಹೆದರಿಸಿದರು. ಕಕ್ಕಸಿನ ಮಾತು ಬರೀ ಗುಮ್ಮ. ಸೈನ್ಯದ ಮಾತಿನಲ್ಲಿ ಅರ್ಧ ನಿಜ. ಮೊದಲನೆಯದು ಮಾತ್ರ ನಿಜವಾಗಿ ನಾಟಿತು, ಅದಕ್ಕೆ ಕಾರಣ ಇತ್ತು. 1970ರಿಂದ ಕ್ಯಾಲಿಫೋರ್ನಿಯಾದಲ್ಲಿ, ಆಮೇಲೆ ಬೇರೆ ರಾಜ್ಯಗಳಲ್ಲಿ, ಯಾರ ತಪ್ಪನ್ನೂ ತೋರಿಸದೆ ವಿಚ್ಛೇದನ ಪಡೆಯುವ ಕಾನೂನು ಬಂತು. ಇಪ್ಪತ್ತು ವರ್ಷ ಮನೆ ನಡೆಸಿದ, ಹೊರಗೆ ಒಂದು ಡಾಲರೂ ದುಡಿಯದ ಹೆಂಗಸಿಗೆ ಕಾಲ ಕೆಳಗಿನ ನೆಲ ಅಲ್ಲಾಡಿದ ಹಾಗಾಯಿತು. ಆ ಭಯ ಅಜ್ಞಾನದ್ದಲ್ಲ. ಅವಳಿಗೆ ತನ್ನ ಲೆಕ್ಕ ಚೆನ್ನಾಗಿ ಗೊತ್ತಿತ್ತು.

ಈಗ ಬ್ರೆಡ್ಡಿಗೆ ಬರೋಣ. ಶ್ಲಾಫ್ಲಿಯವರ ಜೊತೆಗಿದ್ದ ಹೆಂಗಸರು ಇಲಿನಾಯ್ ವಿಧಾನಸಭೆಗೆ ಘೋಷಣೆ ಕೂಗುತ್ತಾ ಹೋಗಲಿಲ್ಲ. ಮನೆಯಲ್ಲಿ ತಾವೇ ಸುಟ್ಟ ಬ್ರೆಡ್ಡು, ತಾವೇ ಮಾಡಿದ ಜಾಮು ತಗೊಂಡು ಹೋದರು. ದುಡಿದು ತರುವವರಿಗೆ ಬೇಯಿಸಿ ಹಾಕುವವರ ಕಾಣಿಕೆ ಅನ್ನುವ ಅರ್ಥದ ಚೀಟಿ ಅದರ ಜೊತೆ. ನಮ್ಮ ಕಡೆ ಎಂಎಲ್ಎ ಮನೆಗೆ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಹೋದ ಹಾಗೆ. ಯಾವ ಎಂಎಲ್ಎ ಹಪ್ಪಳ ಬೇಡ ಅಂತಾನೆ? ಅವನ ಹೆಂಡತಿಯಾದರೂ ಒಳಗೆ ಕರೀತಾಳೆ. ಒಳಗೆ ಹೋದ ಮೇಲೆ ಈ ಹೆಂಗಸರು, ನೀವು ಯಾವ ಕಡೆ ವೋಟು ಹಾಕ್ತೀರಿ ಅಂತ ನಗುನಗುತ್ತಾ ಕೇಳುತ್ತಿದ್ದರು. ಉತ್ತರ ಬರೆದುಕೊಳ್ಳುತ್ತಿದ್ದರು.

1982ರಲ್ಲಿ ಅದೇ ಕಟ್ಟಡದಲ್ಲಿ ತಿದ್ದುಪಡಿ ಬೇಕು ಅನ್ನುವ ಕೆಲವು ಹೆಂಗಸರು 37 ದಿನ ಉಪವಾಸ ಕೂತರು. ಉಪವಾಸದ ಬೆಲೆ ಗೊತ್ತಿರುವ ದೇಶದವರು ನಾವು, ಅವರನ್ನು ನೋಡಿದರೆ ನನಗೆ ಕೈ ಮುಗಿಯಬೇಕು ಅನಿಸುತ್ತೆ. ಆದರೆ ಇಲಿನಾಯ್ ಬಗ್ಗಲಿಲ್ಲ.

ಎದುರಾಳಿಗಳೂ ಶ್ಲಾಫ್ಲಿಗೆ ಸಾಕಷ್ಟು ಸಹಾಯ ಮಾಡಿದರು. 1973ರಲ್ಲಿ ಒಂದು ಚರ್ಚೆಯಲ್ಲಿ ಬೆಟ್ಟಿ ಫ್ರೀಡನ್ ಸಿಟ್ಟು ತಡೆಯಲಾರದೆ, ನಿನ್ನನ್ನು ಕಂಬಕ್ಕೆ ಕಟ್ಟಿ ಸುಡಬೇಕು ಅಂದುಬಿಟ್ಟರು. ಈ ಮಾತು ನೀವು ಆಡಿದ್ದು ನನಗೆ ಖುಷಿ ಅಂದರು ಶ್ಲಾಫ್ಲಿ, ಶಾಂತವಾಗಿ. 1977ರಲ್ಲಿ ಯಾರೋ ಅವರ ಮುಖಕ್ಕೆ ಕಡುಬಿನಂಥ ಸಿಹಿ ತಿಂಡಿ ಎರಚಿದರು. ಪೇಪರಿನಲ್ಲಿ ಯಾರ ಮೇಲೆ ಕನಿಕರ ಹುಟ್ಟಿತು ಅಂತ ಬೇರೆ ಹೇಳಬೇಕಾ?

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. 1991ರ ಜನಗಣತಿಗೆ ನನ್ನನ್ನೂ ಹಾಕಿದ್ದರು. ಆಲ್ದೂರಿನ ಆ ಕಡೆ ಒಂದು ಮನೆ. ಅಂಗಳದಲ್ಲಿ ಕಾಳುಮೆಣಸು ಹರವಿತ್ತು, ಹಿತ್ತಿಲಲ್ಲಿ ಎರಡು ಹಸು, ಜಗಲಿಯ ಮೇಲೆ ಅತ್ತೆ ಕಾಲು ಚಾಚಿ ಕೂತಿದ್ದರು, ಅವರಿಗೆ ಎದ್ದು ಓಡಾಡಲು ಆಗುತ್ತಿರಲಿಲ್ಲ. ಮನೆಯಾಕೆಗೆ ಕೇಳಿದೆ, ನೀವು ಏನು ಕೆಲಸ ಮಾಡ್ತೀರಿ? "ಕೆಲಸ ಏನಿಲ್ಲ ಮೇಡಂ, ಸುಮ್ನೆ ಮನೇಲೇ." ಹೊಲ, ತೋಟದಲ್ಲಿ ಸಂಬಳವಿಲ್ಲದೆ ದುಡಿದರೂ ಕೆಲಸ ಅಂತಲೇ ಬರೆಯಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಮತ್ತೆ ಕೇಳಿ ಬರೆಯಬೇಕಿತ್ತು. ಬಿಸಿಲು ಜೋರಿತ್ತು, ಇನ್ನೂ ಹತ್ತು ಮನೆ ಬಾಕಿ ಇತ್ತು. ಗೃಹಕೃತ್ಯ, ಅಂದರೆ ಕೆಲಸ ಮಾಡದವರು ಅಂತ ಹಾಕಿದೆ. "ಏನ್ ಬರ್ಕೊಂಡ್ರಿ?" ಅಂದರು. ಹೇಳಿದೆ. ಆಕೆ ನಕ್ಕು ಒಳಗೆ ಹೋಗಿ ಬೆಲ್ಲದ ಕಾಫಿ ತಂದುಕೊಟ್ಟರು. ಕಾಫಿ ಕುಡಿಯುವಾಗ ಅವರ ಕೈ ನೋಡಿದೆ. ಬೆರಳ ತುದಿಯೆಲ್ಲ ಮೆಣಸು ಬಿಡಿಸಿ ಕಪ್ಪಾಗಿತ್ತು.

ನಾನು ಮಹಿಳಾ ಹಕ್ಕಿನ ಬಗ್ಗೆ ಭಾಷಣ ಮಾಡುತ್ತಿದ್ದ ಕಾಲ ಅದು. ಅವತ್ತು ಸಂಜೆ ಯಾರಾದರೂ ಆಕೆಯ ಮನೆಗೆ ಹೋಗಿ, "ಅಮ್ಮ, ಓದಿದ ಹೆಂಗಸರು ನಿಮ್ಮನ್ನ ಕೆಲಸವಿಲ್ಲದವಳು ಅಂತ ಬರ್ಕೊಂಡು ಹೋದ್ರಲ್ಲ, ನೀವು ನಮ್ಮ ಜೊತೆ ಬರ್ತೀರಾ?" ಅಂತ ಕೇಳಿದ್ದರೆ ಆಕೆ ಖಂಡಿತ ಹೋಗುತ್ತಿದ್ದರು. ಶ್ಲಾಫ್ಲಿ ಮತ್ತು ಲಹೇ ಕೇಳಿದ್ದು ಅದನ್ನೇ.

ಸರಿ, ಬೆವರ್ಲಿ ಅವರ ಕಡೆಗೆ ಬರ್ತೀನಿ. ಇವರು ಶ್ಲಾಫ್ಲಿ ಥರದವರಲ್ಲ. ನಾಲ್ಕು ಜನರ ಮುಂದೆ ಮಾತಾಡಲು ಹೆದರುತ್ತಿದ್ದೆ ಅಂತ ತಾವೇ ಹೇಳಿಕೊಂಡವರು. ಚಿಕ್ಕ ವಯಸ್ಸಿಗೆ ಮದುವೆ, ನಾಲ್ಕು ಮಕ್ಕಳು, ಚರ್ಚಿನ ಕೆಲಸ. ಶ್ಲಾಫ್ಲಿ ಪಕ್ಷ ರಾಜಕೀಯದಿಂದ ಬಂದವರು, ಕ್ಯಾಥೊಲಿಕ್. ಬೆವರ್ಲಿಗೆ ಇದ್ದದ್ದು ಪ್ರಾಟೆಸ್ಟೆಂಟರ ಇವ್ಯಾಂಜೆಲಿಕಲ್ ಚರ್ಚುಗಳ ಹೆಂಗಸರು, ಅವರ ಪ್ರಾರ್ಥನಾ ಕೂಟಗಳು. ರಾಜಕೀಯ ಅಂದರೆ ಕೊಳಕು, ನಮಗ್ಯಾಕೆ ಅನ್ನುತ್ತಿದ್ದ ಹೆಂಗಸರು ಅವರು. ಅವರನ್ನು ಸೀದಾ ರಾಜಕೀಯಕ್ಕೆ ಕರೆದಿದ್ದರೆ ಬರುತ್ತಿರಲಿಲ್ಲ. ಬೆವರ್ಲಿ ಪ್ರಾರ್ಥನೆಗೆ ಕರೆದರು.

ಊರೂರಲ್ಲಿ ಸಣ್ಣ ಸಣ್ಣ ಘಟಕಗಳಾದವು. ಹೆಸರೇ 'ಪ್ರಾರ್ಥನೆ ಮತ್ತು ಕ್ರಿಯೆ'. ಯಾರದ್ದೋ ಮನೆಯ ಅಡುಗೆಮನೆ ಮೇಜಿನ ಸುತ್ತ ಹೆಂಗಸರು ಕೂತು, ಇಂಥ ಮಸೂದೆ ಬರ್ತಿದೆ ಅಂತ ಪ್ರಾರ್ಥನೆ ಮಾಡುವುದು. ಆಮೇಲೆ ಪೆನ್ನು ತೆಗೆದು ಅದೇ ಮಸೂದೆಯ ಬಗ್ಗೆ ತಮ್ಮ ಪ್ರತಿನಿಧಿಗೆ ಪತ್ರ ಬರೆಯುವುದು. ಎರಡರ ನಡುವೆ ಗೆರೆಯೇ ಇರಲಿಲ್ಲ. ನಮ್ಮಲ್ಲಿ ಲಲಿತಾ ಸಹಸ್ರನಾಮ ಮುಗಿಸಿ, ಅರಿಶಿನ ಕುಂಕುಮ ತಗೊಂಡು, ಎಲ್ಲರೂ ಒಂದೊಂದು ಕಾರ್ಡು ಬರೆದು ಎದ್ದು ಹೋದರೆ ಹೇಗಿರುತ್ತೆ, ಹಾಗೆ. ಆ ಹೆಂಗಸರನ್ನು ರಾಜಕೀಯ ಮಾಡ್ತಿದ್ದೀರಾ ಅಂತ ಕೇಳಿದರೆ ಇಲ್ಲಪ್ಪ, ಪ್ರಾರ್ಥನೆ ಅನ್ನುತ್ತಿದ್ದರು, ಅದು ಸುಳ್ಳೂ ಆಗಿರಲಿಲ್ಲ.

ಇನ್ನು ಫೋನು. ಆ ಕಾಲಕ್ಕೆ ನಮ್ಮಲ್ಲಿ ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾಯಬೇಕಿತ್ತು. ಅಲ್ಲಿ ಅಡುಗೆಮನೆ ಗೋಡೆಗೇ ಫೋನು. ಈ ಸಂಘಗಳೆಲ್ಲ ಫೋನಿನ ಸರಪಳಿ ಕಟ್ಟಿದವು. ಲೆಕ್ಕ ಹಾಕಿ ನೋಡಿ. ಒಬ್ಬರು ಐವರಿಗೆ ಫೋನ್ ಮಾಡುವುದು, ಆ ಐವರು ತಲಾ ಐವರಿಗೆ, ಆ 25 ಜನ ತಲಾ ಐವರಿಗೆ. ಬೆಳಿಗ್ಗೆ ಹತ್ತಕ್ಕೆ ಶುರುವಾದರೆ ಊಟದ ಹೊತ್ತಿಗೆ 156 ಮನೆಗೆ ಸುದ್ದಿ ಮುಟ್ಟಿತು. ಯಾರಿಗೂ ಐದು ಕಾಲಿಗಿಂತ ಜಾಸ್ತಿ ಕೆಲಸ ಇಲ್ಲ. ಸಾರು ಕುದಿಯುವಷ್ಟು ಹೊತ್ತು ಸಾಕು.

ಅದನ್ನೇ ನಾವೀಗ ವಾಟ್ಸಾಪಿನಲ್ಲಿ ಮಾಡ್ತೀವಲ್ಲ ಅನ್ನಬಹುದು. ಮಾಡ್ತೀವಾ? ಇನ್ನೂರು ಜನರ ಗುಂಪಿಗೆ ಸಭೆಯ ಸುದ್ದಿ ಹಾಕ್ತೀವಿ. ನಲವತ್ತು ಜನ ಕೈ ಮುಗಿಯುವ ಚಿತ್ರ ಕಳಿಸ್ತಾರೆ. ಬರುವವರು ಒಂಬತ್ತು ಜನ. ಫೋನಿನಲ್ಲಿ ಪರಿಚಯದ ದನಿ "ನೀನು ಬರ್ತೀಯಾ ತಾನೇ?" ಅಂತ ಕೇಳಿದರೆ ಇಲ್ಲ ಅನ್ನುವುದು ಕಷ್ಟ. ಇವತ್ತು ಇಲ್ಲಿ ಕೂತಿರುವವರಲ್ಲಿ ಎಷ್ಟು ಜನ ಮೆಸೇಜು ನೋಡಿ ಬಂದಿರಿ, ಎಷ್ಟು ಜನ ಪಕ್ಕದ ಮನೆಯವರು ಕರೆದರು ಅಂತ ಬಂದಿರಿ? ನೋಡಿ, ನಗ್ತಿದ್ದೀರಿ.

1982ರ ಜೂನ್ 30ಕ್ಕೆ ತಿದ್ದುಪಡಿಯ ಗಡುವು ಮುಗಿಯಿತು. 35 ರಾಜ್ಯ ಒಪ್ಪಿದ್ದವು, ಮೂರು ಕಡಿಮೆ. ಅದರಲ್ಲೂ ಐದು ರಾಜ್ಯ ಒಪ್ಪಿಗೆ ವಾಪಸ್ ತಗೊಂಡಿದ್ದವು. ಗೆದ್ದ ಮೇಲೆ ಇಂಥ ಸಂಘಗಳು ಸಾಮಾನ್ಯವಾಗಿ ಚದುರಿ ಹೋಗುತ್ತವೆ. ಇದು ಚದುರಲಿಲ್ಲ. ಪಟ್ಟಿ ಕೈಯಲ್ಲಿತ್ತಲ್ಲ.

ಬೆವರ್ಲಿಯವರ ಸಂಘ 1980ರ ದಶಕದ ನಡುವಿನಲ್ಲಿ ಸ್ಯಾನ್ ಡಿಯಾಗೋದಿಂದ ವಾಷಿಂಗ್ಟನ್ನಿಗೆ ಕಚೇರಿ ಬದಲಾಯಿಸಿತು. ಅಮೆರಿಕದ ಎರಡೂ ಸದನ ಸೇರಿ 535 ಸದಸ್ಯರು. ಅಷ್ಟೂ ಕಚೇರಿಗಳಿಗೆ ಹೋಗಿ ಮಾತಾಡಿ ಬರಲು ಸ್ವಯಂಸೇವಕಿಯರ ಒಂದು ತಂಡ ಮಾಡಿ, ಅದಕ್ಕೆ 535 ಅಂತಲೇ ಹೆಸರಿಟ್ಟರು. ಸಂಬಳದ ಲಾಬಿಗಾರರು ಬೇರೆ, ಕೈಚೀಲ ಹಿಡಿದು ಬರುವ ಅಜ್ಜಿ ಬೇರೆ. ಬಾಗಿಲು ಯಾರಿಗೆ ಬೇಗ ತೆರೆಯುತ್ತೆ ಅಂತ ಅವರಿಗೆ ಗೊತ್ತಿತ್ತು.

ಕೋರ್ಟಿಗೂ ಹೋದರು. ಟೆನೆಸಿ ರಾಜ್ಯದ ಹಾಕಿನ್ಸ್ ಕೌಂಟಿಯಲ್ಲಿ ಕೆಲವು ತಂದೆತಾಯಿ, ಶಾಲೆಯ ಓದುಪುಸ್ತಕ ನಮ್ಮ ನಂಬಿಕೆಗೆ ವಿರುದ್ಧ ಅಂತ 1983ರಲ್ಲಿ ಕೇಸು ಹಾಕಿದರು. ಅವರ ಪರ ವಾದಿಸಿದ್ದು ಈ ಸಂಘದ ವಕೀಲ ಮೈಕೆಲ್ ಫ್ಯಾರಿಸ್. 1986ರಲ್ಲಿ ಕೆಳ ಕೋರ್ಟಿನಲ್ಲಿ ಗೆದ್ದರು, 1987ರಲ್ಲಿ ಮೇಲಿನ ಕೋರ್ಟಿನಲ್ಲಿ ಸೋತರು. ಪಠ್ಯಪುಸ್ತಕದ ಜಗಳ ನಮಗೇನೂ ಹೊಸದಲ್ಲ, ಅದರೊಳಗೆ ಹೊಕ್ಕರೆ ನಾವು ಇವತ್ತು ಮನೆಗೆ ಹೋಗುವುದಿಲ್ಲ.

1987ರ ಸೆಪ್ಟೆಂಬರಿನಲ್ಲಿ ಅವರ ಸಮಾವೇಶಕ್ಕೆ ಅಧ್ಯಕ್ಷ ರೇಗನ್ನರೇ ಬಂದು ಭಾಷಣ ಮಾಡಿದರು. ಇಲ್ಲೊಂದು ತಮಾಷೆ ಇದೆ. ಕ್ಯಾಲಿಫೋರ್ನಿಯಾದ ಆ ವಿಚ್ಛೇದನದ ಕಾನೂನು ಅಂದೆನಲ್ಲ, ಮನೆ ಹೆಂಗಸರ ನಿದ್ದೆ ಕೆಡಿಸಿದ್ದು? 1969ರಲ್ಲಿ ಅದಕ್ಕೆ ಸಹಿ ಹಾಕಿದ ಗವರ್ನರ್ ಇದೇ ರೇಗನ್. ಚಪ್ಪಾಳೆ ಹೊಡೆದವರಲ್ಲಿ ಎಷ್ಟು ಜನಕ್ಕೆ ಅದು ನೆನಪಿತ್ತೋ. ಕುಟುಂಬ ಉಳಿಸಬೇಕು ಅನ್ನುವ ಸಂಘ, ಹೆಂಡತಿಗೆ ಜೀವನಾಂಶ ಸರಿಯಾಗಿ ಸಿಗುವ ಹಾಗೆ ಮಾಡುವುದಕ್ಕೆ ಗರ್ಭಪಾತದ ವಿರೋಧಕ್ಕೆ ಹಾಕಿದಷ್ಟು ಬಲ ಹಾಕಲಿಲ್ಲ. ನನ್ನ ದೊಡ್ಡ ತಕರಾರು ಇದೇ. ಭಯ ಗುರುತಿಸಿದ್ದು ಸರಿಯಾಗಿತ್ತು, ಮದ್ದು ಬೇರೆ ಕಾಯಿಲೆಗೆ ಕೊಟ್ಟರು.

ಸದಸ್ಯರು ಐದು ಲಕ್ಷ ಅಂತ ಅವರೇ ಹೇಳಿಕೊಳ್ಳುವುದು. ಸಂಘಗಳ ಲೆಕ್ಕ ಎಲ್ಲ ದೇಶದಲ್ಲೂ ಸ್ವಲ್ಪ ಉಬ್ಬಿಯೇ ಇರುತ್ತೆ. ನಮ್ಮ ಜಾತಿ ಸಮಾವೇಶಗಳ ಲೆಕ್ಕ ನೋಡಿದ್ದೀರಲ್ಲ, ಮೈದಾನಕ್ಕಿಂತ ಜನ ಜಾಸ್ತಿ. ಅರ್ಧ ಅಂದುಕೊಂಡರೂ ಸಣ್ಣದಲ್ಲ.

ಇಂಥದ್ದು ನಮ್ಮಲ್ಲಿಲ್ಲವಾ ಅಂತ ಹಿಂದಿನ ಸಾಲಿನಿಂದ ಯಾರೋ ಕೇಳಿದರು. ಇದೆ, ಅದು ಇನ್ನೂ ಹಳೆಯದು. ರಾಷ್ಟ್ರ ಸೇವಿಕಾ ಸಮಿತಿ, 1936ರ ವಿಜಯದಶಮಿಯಂದು ವಾರ್ಧಾದಲ್ಲಿ ಲಕ್ಷ್ಮೀಬಾಯಿ ಕೇಳ್ಕರ್ ಶುರು ಮಾಡಿದ್ದು. ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಸಾಕುತ್ತಿದ್ದ ಹೆಂಗಸು. ಮಕ್ಕಳು ಆರೆಸ್ಸೆಸ್ ಶಾಖೆಗೆ ಹೋಗುವುದು ನೋಡಿ, ಹೆಂಗಸರಿಗೇಕಿಲ್ಲ ಅಂತ ಹೆಡ್ಗೇವಾರರನ್ನು ಹೋಗಿ ಕೇಳಿದವರು. 2012ರಲ್ಲಿ ಅದರ ಮುಖ್ಯಸ್ಥೆಯಾದ ಶಾಂತಕ್ಕ ನಮ್ಮ ಬೆಂಗಳೂರಿನವರು. ಆದರೆ ಅದರ ದಾರಿ ಬೇರೆ. ಅಲ್ಲಿ ದಿನದ ಶಾಖೆ, ವ್ಯಾಯಾಮ, ಗೀತೆ, ಜಿಜಾಬಾಯಿಯ ಕತೆ, ಹೆಣ್ಣುಮಕ್ಕಳನ್ನು ತಯಾರು ಮಾಡುವುದು ಮುಖ್ಯ. ಎಂಎಲ್ಎ ಮನೆಗೆ ಬ್ರೆಡ್ಡು ತಗೊಂಡು ಹೋಗುವುದಲ್ಲ. ಅದರ ಬಗ್ಗೆ ಮಾತಾಡಲು ಇನ್ನೊಂದು ಸಂಜೆ ಬೇಕು.

ಆಮೇಲೇನಾಯಿತು? ಈಗಲ್ ಫೋರಂ ಒಡೆಯಿತು. 2016ರಲ್ಲಿ ಶ್ಲಾಫ್ಲಿ ಟ್ರಂಪ್ ಅವರಿಗೆ ಬೆಂಬಲ ಕೊಟ್ಟರು. ಕಾರ್ಯಕಾರಿ ಮಂಡಳಿಯಲ್ಲಿ ಅರ್ಧ ಜನಕ್ಕೆ ಅದು ಹಿಡಿಸಲಿಲ್ಲ, ಅವರ ಸ್ವಂತ ಮಗಳೇ ಎದುರು ನಿಂತರು. ವ್ಯಾಜ್ಯ ಕೋರ್ಟಿಗೆ ಹೋಯಿತು. ಆ ಸೆಪ್ಟೆಂಬರಿನಲ್ಲಿ, 92ನೇ ವಯಸ್ಸಿನಲ್ಲಿ ಶ್ಲಾಫ್ಲಿ ತೀರಿಕೊಂಡರು. ಅವರು ಹೋದ ಮೇಲೆ ನೆವಾಡ, ಇಲಿನಾಯ್, ವರ್ಜೀನಿಯಾ ಒಂದೊಂದಾಗಿ ಆ ಹಳೆಯ ತಿದ್ದುಪಡಿಗೆ ಒಪ್ಪಿಗೆ ಕೊಟ್ಟವು. 38 ತುಂಬಿತು, ಆದರೆ ಗಡುವು ಮುಗಿದು ನಲವತ್ತು ವರ್ಷವಾಗುತ್ತ ಬಂದಿತ್ತು.

ಬೆವರ್ಲಿಯವರ ಸಂಘ ಇನ್ನೂ ಗಟ್ಟಿಯಾಗಿದೆ. ಸುಪ್ರೀಂ ಕೋರ್ಟಿಗೆ ತಮಗೆ ಬೇಕಾದ ನ್ಯಾಯಮೂರ್ತಿಗಳು ಬರಲಿ ಅಂತ ವರ್ಷಗಟ್ಟಲೆ ಕೆಲಸ ಮಾಡಿದವರಲ್ಲಿ ಅವರೂ ಸೇರಿದ್ದರು. 1973ರಲ್ಲಿ ಗರ್ಭಪಾತಕ್ಕೆ ಹಕ್ಕು ಕೊಟ್ಟ ತೀರ್ಪು 2022ರ ಜೂನಿನಲ್ಲಿ ಬಿದ್ದುಹೋಯಿತು. ಬೆವರ್ಲಿಗೆ ಆಗ 93. ಅದನ್ನು ನೋಡಿ, 2024ರ ಏಪ್ರಿಲಿನಲ್ಲಿ ತೀರಿಕೊಂಡರು. ಆ ತೀರ್ಪು ಬಂದ ದಿನ ನನಗೆ ಸಿಟ್ಟು ಬಂತು. ಜೊತೆಗೆ ಆ ಅಡುಗೆಮನೆ ಮೇಜುಗಳೂ ನೆನಪಾದವು. ಸಂಘ ಹುಟ್ಟಿದಾಗಿನಿಂದ ನಲವತ್ತಮೂರು ವರ್ಷ ಅಲ್ವಾ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹುಡುಗಿ ಕೇಳಿದಳು, ಮನೆಯೇ ಹೆಣ್ಣಿನ ಜಾಗ ಅಂತ ದೇಶವೆಲ್ಲ ಸುತ್ತಿದರಲ್ಲ, ಇವರ ಗಂಡಂದಿರು ಏನನ್ನುತ್ತಿದ್ದರು? ಶ್ಲಾಫ್ಲಿಯವರ ಒಂದು ಅಭ್ಯಾಸ ಹೇಳಿದೆ. ಭಾಷಣ ಶುರು ಮಾಡುವಾಗಲೇ, ಇಲ್ಲಿಗೆ ಬರಲು ಬಿಟ್ಟಿದ್ದಕ್ಕೆ ನನ್ನ ಗಂಡ ಫ್ರೆಡ್ ಅವರಿಗೆ ಧನ್ಯವಾದ ಅನ್ನುತ್ತಿದ್ದರು. ಸ್ತ್ರೀವಾದಿಗಳಿಗೆ ಉರಿಯಲಿ ಅಂತಲೇ ಇದನ್ನು ಹೇಳ್ತೀನಿ ಅಂತ ಬೇರೆ ಸೇರಿಸುತ್ತಿದ್ದರು.

ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿದ್ದ ಒಬ್ಬರು ಹಿರಿಯರು, ಎಪ್ಪತ್ತು ದಾಟಿದವರು, ನಗದೆ ಹೇಳಿದರು: "ನಂಗೆ ಆಯಮ್ಮ ಅರ್ಥ ಆಗ್ತಾಳೆ ಕಣಮ್ಮ. ಚೀಟಿ ಹಾಕಿ, ಸಾಲ ಕೊಡಿ ಅಂತ ಯಾರಾದ್ರೂ ಬಂದ್ರೆ ನಾನೂ ಯಜಮಾನ್ರನ್ನ ಕೇಳಿ ಹೇಳ್ತೀನಿ ಅಂತೀನಿ. ಅವರು ತೀರ್ಕೊಂಡು ಆರು ವರ್ಷ ಆಯ್ತು. ಈಗ್ಲೂ ಹಂಗೇ ಅಂತೀನಿ."